ಊರೇ ಹೊದಿಸಿದ ಮಾಡು

ಬುಡದ ಚೌಕಟ್ಟು ಬಡಗಿಯದು, ನೆತ್ತಿಯ ಮಾಡು ಇಡೀ ಊರಿನದು. ಅಟ್ಟದಲ್ಲಿ ರೇಷ್ಮೆ, ನೆಲದಡಿಯಲ್ಲಿ ಮದ್ದಿನ ಉಪ್ಪು. ಜಪಾನಿನ ಹಿಮಕಣಿವೆಯ ಹುಲ್ಲುಮಾಡಿನ ಮರದ ಮನೆಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿ ಮೂರು ದಶಕಗಳು ಸಂದಿವೆ. ಅವನ್ನು ಎತ್ತಿ ನಿಲ್ಲಿಸಿದ ಮುಯ್ಯಾಳಿನ ಕಟ್ಟಳೆ ಇನ್ನೆಷ್ಟು ಕಾಲ ನಿಂತೀತು?

ಶರತ್ಕಾಲ ಮುಗಿಯುತ್ತ ಬಂದು, ಬೆಟ್ಟದ ಇಳಿಜಾರುಗಳೆಲ್ಲ ಕೆಂಪು ಹಳದಿಗಳ ಓಕುಳಿಯಲ್ಲಿ ಮಿಂದು ನಿಂತಿರುವ ಒಂದು ದಿನ, ಜಪಾನಿನ ಗಿಫು ಪ್ರಾಂತದ ಒಗಿಮಾಚಿ ಗ್ರಾಮದಲ್ಲಿ ಎಚ್ಚರಿಕೆಯ ಸಿಳ್ಳು ಮೊಳಗುತ್ತದೆ. ಮೊಳಗಿದೊಡನೆ ಗದ್ದೆಯ ಅಂಚಿನಲ್ಲಿ, ಹಿತ್ತಿಲ ಮೂಲೆಯಲ್ಲಿ, ದಾರಿಯ ತಿರುವಿನಲ್ಲಿ ಹುಲ್ಲುಮನೆಯದೇ ಆಕಾರದಲ್ಲಿ ನಿಂತಿದ್ದ ಪುಟ್ಟ ಗೂಡುಗಳು ತೆರೆದುಕೊಂಡು, ಒಳಗಿನ ಕೊಳವೆಗಳಿಂದ ನೀರು ಚಿಮ್ಮತೊಡಗುತ್ತದೆ.

ಒಂದೆರಡು ನಿಮಿಷಗಳಲ್ಲಿ 50ಕ್ಕೂ ಹೆಚ್ಚು ಧಾರೆಗಳು ಆಕಾಶಕ್ಕೇರಿ, ಒಂದನ್ನೊಂದು ಹಾಯ್ದು, ಕಡಿದಾದ ಹುಲ್ಲುಮಾಡುಗಳ ಮೇಲೆ ತುಂತುರಾಗಿ ಇಳಿಯುತ್ತವೆ. ಈ ನೀರಿಗೆ ಯಂತ್ರದ ಒತ್ತಾಸೆ ಬೇಕಿಲ್ಲ. ಊರಿನ ಮೇಲಣ ಗುಡ್ಡದಲ್ಲಿರುವ ತೊಟ್ಟಿಯಿಂದ ತನ್ನ ಭಾರದಿಂದಲೇ ಇಳಿದುಬಂದು ಅದು ಚಿಮ್ಮುತ್ತದೆ.

ಛಾಯಾಗ್ರಾಹಕರಿಗೆ ಇದು ವರ್ಷಕ್ಕೊಮ್ಮೆ ಒದಗುವ ನೋಟ. ಊರವರಿಗಾದರೋ ಇದು ಅಗ್ನಿಭಯದ ಎದುರು ನಡೆಸುವ ತಾಲೀಮು. ಮರ, ಹುಲ್ಲು, ಹುರಿಹಗ್ಗ, ಕಾಗದದ ಬಾಗಿಲು, ಇವಿಷ್ಟರಿಂದಲೇ ಆದ ಮನೆಗಳ ಗ್ರಾಮದಲ್ಲಿ ಕಿಡಿಯೊಂದು ಸಿಡಿದರೆ ಅದು ಒಬ್ಬರ ಮನೆಯ ಸಂಕಟವಾಗಿ ಉಳಿಯುವುದಿಲ್ಲ. ಒಕಿನಾವಾದ ಶುರಿ ಅರಮನೆಯು ಬೆಂಕಿಗೆ ಆಹುತಿಯಾಗಿ ವಾರ ಕಳೆಯುವಷ್ಟರಲ್ಲೇ, 2019ರ ನವೆಂಬರ್ 4ರಂದು, ಇಲ್ಲಿಯ ವಾಹನ ನಿಲುಗಡೆಯ ಬಳಿ ಕೊಟ್ಟಿಗೆಯೊಂದು ಹೊತ್ತಿಕೊಂಡಾಗ, ತಾಲೀಮಿಗೆಂದು ತೆರೆಯುತ್ತಿದ್ದ ಅವೇ ಕೊಳವೆಗಳು ನಿಜಕ್ಕೆ ತೆರೆದವು; ಪರಂಪರೆಯ ಮನೆಗಳಿಗೆ ಉರಿ ಹಬ್ಬಲಿಲ್ಲ.

ಇಷ್ಟೊಂದು ಕಟ್ಟೆಚ್ಚರದಿಂದ ಕಾಯಬೇಕಾದ ಈ ಮನೆಗಳಾದರೂ ಎಂಥವು?

ಹಿಮದ ನಾಡು

ಹೊನ್ಷು ದ್ವೀಪದ ನಡುಭಾಗದಲ್ಲಿ, ಹಾಕುಸಾನ್ ಪರ್ವತದ ಪೂರ್ವದ ಮಗ್ಗುಲಲ್ಲಿ, ಷೋ ನದಿಯು ಉತ್ತರಾಭಿಮುಖವಾಗಿ ಹರಿದು ಟೊಯಾಮಾ ಕೊಲ್ಲಿಯನ್ನು ಸೇರುತ್ತದೆ. ಆ ನದಿಯ ಇಕ್ಕಟ್ಟಾದ ಕಣಿವೆಯ ಮೇಲ್ಭಾಗವೇ ಶಿರಾಕಾವಾ-ಗೊ, ಕೆಳಭಾಗ ಗೊಕಾಯಾಮಾ. ನೈರುತ್ಯ ಮಾರುತವು ಕಡಲ ನೀರನ್ನು ಹೊತ್ತು ತಂದು ನಮ್ಮ ಪಶ್ಚಿಮ ಘಟ್ಟಗಳ ಮೇಲೆ ಮಳೆಯಾಗಿ ಸುರಿಸುವ ನ್ಯಾಯದಲ್ಲೇ, ಸೈಬೀರಿಯಾದ ಶೀತಮಾರುತವು ಜಪಾನ್ ಸಮುದ್ರದ ತೇವವನ್ನು ಹೀರಿ ತಂದು ಈ ಬೆಟ್ಟಗಳ ಮೇಲೆ ಹಿಮವಾಗಿ ಚೆಲ್ಲುತ್ತದೆ. ಆಳೆತ್ತರವನ್ನು ಮೀರಿ ಹಿಮ ಬಿದ್ದು, ತಿಂಗಳುಗಟ್ಟಲೆ ಹೊರಜಗತ್ತಿನ ದಾರಿ ಮುಚ್ಚಿಹೋಗುತ್ತಿದ್ದ ಕಾಲ ತೀರ ಹಿಂದಿನದಲ್ಲ.

ಅಂಥ ಹಿಮದ ಭಾರವನ್ನು ಹೊರಬಲ್ಲ, ಹೊರುವುದಕ್ಕಿಂತ ಮಿಗಿಲಾಗಿ ಜಾರಿಸಿಬಿಡಬಲ್ಲ ಮಾಡು ಬೇಕಾಗಿತ್ತು. ಆದ್ದರಿಂದಲೇ ಇಲ್ಲಿಯ ಮಾಡು ಸುಮಾರು 60 ಅಂಶಗಳ ಕೋನದಲ್ಲಿ ಕಡಿದಾಗಿ ಎದ್ದುನಿಂತು, ಎರಡು ಅಂಗೈಗಳನ್ನು ಜೋಡಿಸಿದ ಅಂಜಲಿಯಂತೆ ತೋರುತ್ತದೆ. ಗಾಶ್ಶೋ-ಜುಕುರಿ ಎಂಬ ಹೆಸರು ಆ ಭಂಗಿಯಿಂದಲೇ ಬಂದದ್ದು.

ಒಗಿಮಾಚಿಯಲ್ಲಿ ಈ ಮನೆಗಳ ನೆತ್ತಿಯ ಸಾಲು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ, ಉತ್ತರ ದಕ್ಷಿಣವಾಗಿ ಸಾಗುತ್ತದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಕಣಿವೆಯುದ್ದಕ್ಕೂ ಬೀಸುವ ಗಾಳಿಗೆ ಅಗಲವಾದ ಮಾಡು ಎದುರಾಗದೆ ಕಿರಿದಾದ ತ್ರಿಕೋನದ ಗೋಡೆಯಷ್ಟೇ ಒಡ್ಡಲ್ಪಡಬೇಕು. ಮುಂಜಾನೆಯ ಬಿಸಿಲು ಒಂದು ಮೈಗೆ, ಇಳಿಹೊತ್ತಿನ ಬಿಸಿಲು ಇನ್ನೊಂದು ಮೈಗೆ ಸಮನಾಗಿ ಬಿದ್ದು ಹಿಮ ಕರಗಬೇಕು, ಹುಲ್ಲು ಒಣಗಬೇಕು. ಈ ಎರಡು ಹಿತಗಳನ್ನು ಸಾಧಿಸುವ ದಿಕ್ಕು ಅದೊಂದೇ.

> ಕಣಿವೆಯ ಮೂರು ಗ್ರಾಮಗಳು
>
> 1995ರ ಡಿಸೆಂಬರ್‌ನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ಮೂರು ಗ್ರಾಮಗಳು: ಶಿರಾಕಾವಾದ ಒಗಿಮಾಚಿ, ಗೊಕಾಯಾಮಾದ ಐನೊಕುರಾ ಮತ್ತು ಸುಗಾನುಮಾ. ಒಗಿಮಾಚಿಯಲ್ಲಿ ಈ ಬಗೆಯ ಮನೆಗಳು ಸುಮಾರು 60, ಐನೊಕುರಾದಲ್ಲಿ 20. ಸುಗಾನುಮಾದಲ್ಲಿ ಕೇವಲ 9. ಶಿರಾಕಾವಾದ ಮನೆಗಳಿಗೆ ಬಾಗಿಲು ಮಾಡಿನ ಸೂರಿನ ಕೆಳಗೆ. ಗೊಕಾಯಾಮಾದಲ್ಲಿ ತ್ರಿಕೋನದ ಗೋಡೆಯ ಕಡೆಗೆ.

ಎರಡು ಕೈಗಳ ಕೆಲಸ

ಈ ಮನೆಗಳ ಪ್ರಸ್ತಾಪ ಬಂದಲ್ಲೆಲ್ಲ ಮಾಡಿನಲ್ಲಿ ಒಂದೇ ಒಂದು ಮೊಳೆಯಿಲ್ಲವೆಂಬ ಮಾತು ತಪ್ಪದೆ ಬರುತ್ತದೆ. ಮಾತು ದಿಟವೇ. ಆದರೆ ಹಳೆಯ ಕಾಲದ ಎಷ್ಟೋ ನಾಡುಗಳ ಮರದ ಕೆಲಸದಲ್ಲಿ ಮೊಳೆಯಿರಲಿಲ್ಲ. ನನ್ನ ಮಟ್ಟಿಗೆ ಈ ಮನೆಯ ನಿಜವಾದ ವಿಶೇಷವಿರುವುದು, ಒಂದೇ ಕಟ್ಟಡವು ನಡುವಿಗೆ ಗೆರೆ ಎಳೆದಂತೆ ಎರಡಾಗಿ, ಕೆಳಗಿನದು ಒಬ್ಬರಿಂದಲೂ ಮೇಲಿನದು ಮತ್ತೊಬ್ಬರಿಂದಲೂ, ಎರಡು ಬೇರೆ ಬೇರೆ ವಿದ್ಯೆಗಳಿಂದ ನಿರ್ಮಿತವಾಗುವುದರಲ್ಲಿ.

ಕೆಳಗಿನ ವಾಸದ ಅಂತಸ್ತು ವೃತ್ತಿನಿರತ ಬಡಗಿಯ ಕೆಲಸ. ಶಿರಾಕಾವಾವನ್ನು ಒಳಗೊಂಡಿದ್ದ ಹಳೆಯ ಹಿಡಾ ಸೀಮೆಯು 8ನೆಯ ಶತಮಾನದಷ್ಟು ಹಿಂದೆಯೇ ತೆರಿಗೆಗೆ ಬದಲಾಗಿ ತನ್ನ ಬಡಗಿಗಳನ್ನು ರಾಜಧಾನಿಯ ಕಟ್ಟೋಣಗಳಿಗೆ ಕಳುಹಿಸಿಕೊಡುತ್ತಿದ್ದ ನಾಡು. ಅಲ್ಲಿಯ ಉಳಿಬಾಚಿಗಳ ಹದಕ್ಕೆ ಅಂಥ ಹೆಸರಿತ್ತು. ಕಂಬದಲ್ಲಿ ಕುಳಿ ತೋಡಿ, ತೊಲೆಯ ತುದಿಯನ್ನು ನಾಲಗೆಯಾಗಿ ಕೆತ್ತಿ ಅದರೊಳಕ್ಕೆ ಕೂರಿಸಿ, ಬೆಣೆ ಬಡಿದು ಬಿಗಿದ ಈ ಚೌಕಟ್ಟು ಅಲುಗುವಂಥದಲ್ಲ.

ಇಲ್ಲಿ ಹತ್ತಿರದಿಂದ ನೋಡತಕ್ಕ ಒಂದು ತೊಲೆಯುಂಟು. ಕಡಿದಾದ ಇಳಿಜಾರಿನಲ್ಲಿ ಹುಟ್ಟಿದ ಮರವು ಎಳೆಯದಾಗಿದ್ದಾಗಲೇ ವರ್ಷವರ್ಷವೂ ಹಿಮದ ಒತ್ತಡಕ್ಕೆ ಸಿಕ್ಕಿ ಬುಡದಲ್ಲಿ ಬಾಗಿ, ಆಮೇಲೆ ಬೆಳಕಿನ ಕಡೆಗೆ ನೆಟ್ಟಗೆ ಬೆಳೆಯುತ್ತದೆ. ಬೇರೆಡೆಯ ಬಡಗಿ ಸೊಟ್ಟಮರವೆಂದು ತೊರೆದುಬಿಡಬಹುದಾದ ಅದನ್ನೇ ಇವರು ಹುಡುಕಿ ತಂದರು. ಬಾಗಿದ ಬುಡವನ್ನು ಹೊರಗಿನ ಗಿಡ್ಡ ಕಂಬದ ಮೇಲೂ ನೀಳವಾದ ತುದಿಯನ್ನು ಒಳಗಿನ ತೊಲೆಯ ಮೇಲೂ ಇರಿಸಿದರೆ, ಆ ಸಹಜವಾದ ಬಾಗು ಮೇಲಿನ ಭಾರವನ್ನು ಹೊರಕ್ಕೂ ಕೆಳಕ್ಕೂ ಸಾಗಿಸುತ್ತದೆ. ಮಾಡನ್ನು ಕಾಡುವ ಹಿಮವೇ ಆ ಮಾಡನ್ನು ಹೊರುವ ತೊಲೆಯನ್ನು ತಿದ್ದಿಕೊಟ್ಟಿದೆ.

ಈ ಚೌಕಟ್ಟು ಮುಗಿದೊಡನೆ ಬಡಗಿಯ ಹೊಣೆಯೂ ಮುಗಿಯುತ್ತಿತ್ತು. ಮೇಲಿನ ಮಹಾ ತ್ರಿಕೋನವನ್ನು ಎತ್ತಿ ನಿಲ್ಲಿಸಿದವರು ಊರಿನ ರೈತರು. ಜೋಡಿಜೋಡಿಯಾಗಿ ಓರೆನಿಲ್ಲುವ ಭಾರಿ ಮರಗಳನ್ನು ನೆತ್ತಿಯಲ್ಲಿ ಕೂಡಿಸಿ, ಅವುಗಳ ಮೇಲೆ ಅಡ್ಡಗಳುಗಳನ್ನೂ ಓರೆಗಳುಗಳನ್ನೂ ಹಾಯಿಸಿ, ಎಲ್ಲವನ್ನೂ ಹುರಿಹಗ್ಗದಿಂದಲೂ ‘ನೆಸೊ’ ಎಂಬ ಎಳೆಗೊಂಬೆಯಿಂದಲೂ ಬಿಗಿಯುತ್ತಾರೆ. ಹಸಿಯಿರುವಾಗಲೇ ತಿರುಚಿ ಮೆದುಮಾಡಿ ಸುತ್ತಿದ ನೆಸೊ, ಒಣಗಿದಂತೆಲ್ಲ ತಾನಾಗಿ ಬಿಗಿಯುತ್ತ ಹೋಗುತ್ತದೆ. ಒಲೆಯ ಹೊಗೆಯಲ್ಲಿ ವರ್ಷಾನುವರ್ಷ ಪಕ್ವಗೊಂಡ ಅಂಥ ಕಟ್ಟು ಲೋಹದ ಪಟ್ಟಿಯ ಬಿಗುವನ್ನು ಪಡೆಯುತ್ತದೆ.

ಇನ್ನು ಈ ಎರಡು ಭಾಗಗಳು ಸಂಧಿಸುವ ಎಡೆ. ಓರೆಮರದ ಬುಡವನ್ನು ಸೀಸದಕಡ್ಡಿಯ ಮೊನೆಯ ಹಾಗೆ ಚೂಪಾಗಿ ಕೆತ್ತಿ, ಅಡ್ಡತೊಲೆಯ ತುದಿಯಲ್ಲಿ ತೋಡಿದ ಕುಳಿಯೊಳಕ್ಕೆ ಸುಮ್ಮನೆ ಇಳಿಬಿಡುತ್ತಾರೆ. ಬೆಣೆಯಿಲ್ಲ, ಹಗ್ಗವೂ ಇಲ್ಲ. ಭಾರವೇ ಅದನ್ನು ಹಿಡಿದಿಡುತ್ತದೆ. ಬಿರುಗಾಳಿ ಮಾಡನ್ನು ನೂಕಿದಾಗ ಆ ಚೂಪುಬುಡವು ಕುಳಿಯೊಳಗೆ ಕೂದಲೆಳೆಯಷ್ಟು ತಿರುಗಿಕೊಡುತ್ತದೆ; ಹಗ್ಗದ ಕಟ್ಟುಗಳು ಹಿಗ್ಗಿ ಮತ್ತೆ ಕುಗ್ಗುತ್ತವೆ; ಗಾಳಿಯ ಹೊಡೆತ ಕೆಳಗಿನ ಚೌಕಟ್ಟನ್ನು ಮುರಿಯುವಷ್ಟು ಬಲವಾಗಿ ಇಳಿಯುವುದೇ ಇಲ್ಲ. ಕಾಲೇಜಿನ ಮೆಟ್ಟಿಲು ಕಾಣದ, ಕಾಗದದ ಮೇಲೆ ಲೆಕ್ಕ ಹಾಕದ ರೈತರು ತಲೆಮಾರುಗಳ ಅನುಭವದಿಂದ ಕಂಡುಕೊಂಡ ಈ ಸಂಧಿಯನ್ನು ನೆನೆದಾಗಲೆಲ್ಲ ನನಗೆ ಅವರ ಬಗೆಗೆ ಗೌರವ ಉಕ್ಕುತ್ತದೆ.

ಆ ಗೌರವವನ್ನು ಬಹಿರಂಗವಾಗಿ ಸಲ್ಲಿಸಿದವರಲ್ಲಿ ಪ್ರಮುಖನು ನಾತ್ಸಿ ಆಡಳಿತದಿಂದ ತಪ್ಪಿಸಿಕೊಂಡು ಜಪಾನನ್ನು ಸೇರಿದ್ದ ಜರ್ಮನಿಯ ವಾಸ್ತುಶಿಲ್ಪಿ ಬ್ರೂನೊ ಟೌಟ್. 1935ರಲ್ಲಿ ಶಿರಾಕಾವಾಕ್ಕೆ ಬಂದ ಆತನು, ಇಲ್ಲಿಯ ಮಾಡಿನ ರಚನೆ ತರ್ಕಬದ್ಧವೂ ಯುಕ್ತಿಯುಕ್ತವೂ ಆದದ್ದೆಂದು ಮೆಚ್ಚಿ ಬರೆದನು. ದೇಗುಲ ಅರಮನೆಗಳನ್ನಷ್ಟೇ ವಾಸ್ತುಕಲೆಯೆಂದು ಎಣಿಸುತ್ತಿದ್ದ ವಿದ್ವತ್ಪ್ರಪಂಚದ ದೃಷ್ಟಿ ಹಳ್ಳಿಯ ಈ ಮನೆಗಳ ಕಡೆಗೂ ಹೊರಳುವಂತಾದುದರಲ್ಲಿ ಆತನ ಬರೆಹದ ಪಾಲು ದೊಡ್ಡದು.

ಮೇಲೆ ಹುಳು, ಕೆಳಗೆ ಮದ್ದು

ಮಾಡು ಅಷ್ಟು ಎತ್ತರಕ್ಕೆ ಏಕೆ ಏರಿತೆಂಬುದಕ್ಕೆ ಹಿಮವೊಂದೇ ಉತ್ತರವಲ್ಲ. ಗದ್ದೆಗೆ ಸಮತಟ್ಟಾದ ನೆಲವಿಲ್ಲದ, ಕಾಡು ಸುಟ್ಟು ಕಿರುಧಾನ್ಯ ಬಿತ್ತಬೇಕಾಗಿದ್ದ ಕಣಿವೆಯಲ್ಲಿ ಬದುಕಿಗೆ ಆಧಾರವಾದದ್ದು ರೇಷ್ಮೆ. ಹುಳು ಸಾಕುವ ತಟ್ಟೆಗಳಿಗೆ ಜಾಗ ಬೇಕಾದಂತೆಲ್ಲ ಮಾಡು ಮೇಲಕ್ಕೆ ಬೆಳೆಯಿತು. ಒಳಗೆ ಎರಡು, ಮೂರು, ಕೆಲವೆಡೆ ನಾಲ್ಕು ಅಟ್ಟಗಳಾದವು. ಅಟ್ಟದ ನೆಲಕ್ಕೆ ಹಲಗೆಯನ್ನು ಒತ್ತಾಗಿ ಹಾಸದೆ ಸಂದುಬಿಟ್ಟು ಹಾಸಿದರು, ಕೆಳಗಿನ ಒಲೆಯ ಬಿಸುಪು ಹುಳುಗಳನ್ನು ಮುಟ್ಟಲೆಂದು. ತ್ರಿಕೋನದ ಗೋಡೆಗಳಲ್ಲಿ ಎದುರುಬದುರಾಗಿ ಕಿಟಕಿಗಳನ್ನಿಟ್ಟರು, ಗಾಳಿಯಾಡಲೆಂದು. ಮನುಷ್ಯರು ನೆಲದ ಅಂತಸ್ತಿನಲ್ಲಿ ಒತ್ತೊತ್ತಾಗಿ ಮಲಗಿದರು, ಮೇಲಿನ ವಿಶಾಲವಾದ ಅಂತಸ್ತುಗಳನ್ನು ಹುಳುಗಳಿಗೆ ಬಿಟ್ಟುಕೊಟ್ಟರು. ಶಿಡ್ಲಘಟ್ಟ, ರಾಮನಗರಗಳ ಕಡೆ ಹುಳುಮನೆಯ ಕಾವಿಗಾಗಿ ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಈ ಏರ್ಪಾಡಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲದಡಿಯ ಕಥೆ ಇದಕ್ಕಿಂತಲೂ ಸ್ವಾರಸ್ಯವಾದುದು. ಒಲೆಯ ಪಕ್ಕದಲ್ಲಿ, ಹಲಗೆಯ ನೆಲದ ಕೆಳಗೆ ಆಳವಾದ ಗುಂಡಿ ತೋಡಿ, ಒಣಮಣ್ಣು, ಮಾಚಿಪತ್ರೆಯ ಜಾತಿಯ ಸೊಪ್ಪು, ಸೆಣಬಿನ ದಂಟು, ರೇಷ್ಮೆಹುಳುವಿನ ಹಿಕ್ಕೆ ಇವನ್ನು ಪದರಪದರವಾಗಿ ತುಂಬುತ್ತಿದ್ದರು. ಒಲೆಯ ಬಿಸಿಯಲ್ಲಿ ನಾಲ್ಕೈದು ವರ್ಷ ಕಳಿತ ಆ ಮಣ್ಣಿನಲ್ಲಿ, ಕಣ್ಣಿಗೆ ಕಾಣದ ಜೀವಾಣುಗಳ ದುಡಿಮೆಯಿಂದ ಲವಣ ಕೂಡುತ್ತಿತ್ತು. ಮಣ್ಣನ್ನು ನೀರಿನಲ್ಲಿ ಸೋಸಿ, ಬೂದಿ ಬೆರೆಸಿ ಕುದಿಸಿ, ಆರಿಸಿದರೆ ಹರಳುಗಟ್ಟುತ್ತಿದ್ದುದು ಪೆಟ್ಲುಪ್ಪು, ಕೋವಿಮದ್ದಿನ ಪ್ರಧಾನ ದ್ರವ್ಯ.

ಗೊಕಾಯಾಮಾವು ಕಾಗಾ ಸಂಸ್ಥಾನದ ಮಾಎದಾ ಪ್ರಭುಗಳ ಆಳ್ವಿಕೆಗೆ ಸೇರಿತ್ತು. ಪರರ ಕಣ್ಣಿಗೆ ಬೀಳದ, ಗಡಿಪಾರಾದವರನ್ನು ಕೂಡಿಹಾಕುವುದಕ್ಕೂ ಬಳಸುತ್ತಿದ್ದ ಈ ದುರ್ಗಮ ಕಣಿವೆಯಲ್ಲಿ ಮದ್ದಿನ ಉಪ್ಪು ಗುಟ್ಟಾಗಿ ತಯಾರಾಗಿ ಪ್ರಭುಗಳ ಉಗ್ರಾಣವನ್ನು ಸೇರುತ್ತಿತ್ತು. ಒಗಿಮಾಚಿಯ ವಾದಾ ಮನೆತನ ಈ ವ್ಯಾಪಾರದಿಂದ ಏಳಿಗೆಗೆ ಬಂದದ್ದು. ಆ ಮನೆ ಇಂದಿಗೂ ಅಲ್ಲಿಯ ದೊಡ್ಡ ಮನೆಗಳಲ್ಲೊಂದಾಗಿ ನಿಂತಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಲಿ ದೇಶದ ಅಗ್ಗದ ಲವಣ ಹಡಗಿನಲ್ಲಿ ಬಂದಿಳಿದ ಮೇಲೆ ನೆಲದಡಿಯ ಗುಂಡಿಗಳು ಬರಿದಾದವು.

ರೇಷ್ಮೆಗೂ ಹೊಲಕ್ಕೂ ಕೈಗಳು ಬೇಕಲ್ಲವೆ? ಆಸ್ತಿ ಹಂಚಿದರೆ ಯಾರಿಗೂ ಸಾಲದಾದೀತೆಂಬ ಭಯದಿಂದ ಕಣಿವೆಯ ಕೆಲವು ಭಾಗಗಳಲ್ಲಿ ಹಿರಿಯ ಮಗನೊಬ್ಬನೇ ಹೆಂಡತಿಯನ್ನು ಮನೆಗೆ ತಂದು, ಉಳಿದವರೆಲ್ಲ ಹುಟ್ಟಿದ ಮನೆಯಲ್ಲೇ ದುಡಿಯುತ್ತ ಉಳಿಯುವ ಪದ್ಧತಿಯಿತ್ತು. ಮಿಬೊರೊದಲ್ಲಿ ಸುಮಾರು 1827ರಲ್ಲಿ ಕಟ್ಟಿದ ತೋಯಾಮಾ ಮನೆಯಲ್ಲಿ ಒಮ್ಮೆ 40ಕ್ಕೂ ಹೆಚ್ಚು ಮಂದಿ ಒಂದೇ ಸೂರಿನ ಕೆಳಗೆ ಬಾಳಿದರು. ಆ ಬಾಳಿನಲ್ಲಿ ಒಗ್ಗಟ್ಟಿದ್ದಂತೆ, ತಮ್ಮಂದಿರೂ ತಂಗಿಯರೂ ನುಂಗಿಕೊಂಡ ಅಳಲೂ ಇದ್ದಿರಲೇಬೇಕು. ದೊಡ್ಡ ಮಾಡಿನ ಸೊಬಗನ್ನು ಹೊಗಳುವಾಗ ಅದನ್ನು ಮರೆಯುವುದು ನ್ಯಾಯವಲ್ಲ.

> ಒಲೆಯ ಮೇಲಿನ ಹಲಗೆ
>
> ಮನೆಯ ನಡುವೆ ನೆಲದಲ್ಲೇ ತಗ್ಗಾಗಿರುವ ಒಲೆ ‘ಇರೋರಿ’. ಅದರ ಮೇಲೆ ಮಾಡಿನಿಂದ ತೂಗುಬಿಟ್ಟ ಅಗಲವಾದ ಮರದ ಚೌಕ ‘ಹಿಅಮಾ’. ಕಿಡಿ ಮೇಲಕ್ಕೆ ಹಾರಿ ಹುಲ್ಲಿಗೆ ತಗಲದಂತೆ ತಡೆಯುವುದೂ, ಬಿಸಿಯನ್ನೂ ಹೊಗೆಯನ್ನೂ ಸುತ್ತಲಿಗೆ ಹರಡುವುದೂ ಅದರ ಕೆಲಸ. ಹೊಗೆ ಹುಲ್ಲನ್ನು ಒಣಗಿಸಿ, ಹುಳುಹುಪ್ಪಟೆಗಳನ್ನು ಓಡಿಸಿ, ಮರಕ್ಕೂ ಹಗ್ಗಕ್ಕೂ ಮಸಿಯ ಲೇಪ ಹಚ್ಚುತ್ತದೆ. ಒಲೆ ನಿತ್ಯ ಉರಿಯದ ಮನೆಯ ಮಾಡು ಬೇಗ ಹಾಳಾಗುತ್ತದೆ.

ಮುಯ್ಯಿಯ ಪುಸ್ತಕ

ಹುಲ್ಲಿನ ಹೊದಿಕೆ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಆಮೇಲೆ ಅದನ್ನು ಕಿತ್ತು ಹೊಸದಾಗಿ ಹೊದಿಸಲೇಬೇಕು. ಹಿಮ ಬೀಳುವ ನಾಡಿನಲ್ಲಿ ಮಾಡನ್ನು ವಾರಗಟ್ಟಲೆ ತೆರೆದಿಡುವಂತಿಲ್ಲ. ಒಂದು ಮಗ್ಗುಲನ್ನು ಒಂದೇ ದಿನದಲ್ಲಿ ಹೊದಿಸಿ ಮುಗಿಸಬೇಕಾದರೆ ನೂರು ಇನ್ನೂರು ಆಳುಗಳು ಬೇಕು. ಯಾವ ಒಂದು ಮನೆಗೂ ಅಷ್ಟು ಆಳುಗಳನ್ನು ಕೂಲಿಕೊಟ್ಟು ಕರೆಸುವ ಶಕ್ತಿಯಿಲ್ಲ. ಆದ್ದರಿಂದ ‘ಯುಯಿ’ ಎಂಬ ಕಟ್ಟಳೆ ಹುಟ್ಟಿತು. ನಮ್ಮ ಹಳ್ಳಿಗಳಲ್ಲಿ ನಾಟಿಗೂ ಕೊಯ್ಲಿಗೂ ನಡೆಯುತ್ತಿದ್ದ ಮುಯ್ಯಾಳಿನ ಪದ್ಧತಿಯೇ ಇದು: ಇಂದು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು.

ವ್ಯತ್ಯಾಸವೆಂದರೆ, ನಮ್ಮ ನಾಟಿಯ ಮುಯ್ಯಿ ಅದೇ ತಿಂಗಳಲ್ಲಿ ತೀರುತ್ತದೆ. ಅಲ್ಲಿಯ ಮಾಡಿನ ಮುಯ್ಯಿ ತೀರುವುದಕ್ಕೆ ಒಂದು ತಲೆಮಾರು ಬೇಕು. ತಂದೆ ಪಡೆದ ನೆರವನ್ನು ಮಗ ಹಿಂದಿರುಗಿಸುತ್ತಾನೆ. ಅಷ್ಟು ದೀರ್ಘಕಾಲದ ಋಣವನ್ನು ನೆನಪಿಗೆ ಬಿಡುವಂತಿಲ್ಲವಾಗಿ, ಮನೆಮನೆಯೂ ಪುಸ್ತಕವಿಟ್ಟು ಬರೆದಿಡುತ್ತಿತ್ತು: ಯಾವ ಮನೆಯಿಂದ ಎಷ್ಟು ಆಳು ಬಂದರು, ಎಷ್ಟು ಹೊರೆ ಹುಲ್ಲು, ಎಷ್ಟು ಹಗ್ಗ, ಎಷ್ಟು ಅಕ್ಕಿ, ಎಷ್ಟು ಮದ್ಯ. ಮಾಡು ನಿಂತಿದ್ದದ್ದು ಕಂಬಗಳ ಮೇಲೆ ಎಷ್ಟೋ ಅಷ್ಟೇ ಈ ಪುಸ್ತಕಗಳ ಮೇಲೆ.

ಹೊದಿಸುವ ದಿನದ ಕೆಲಸವನ್ನು ನೋಡಿ. ಹಳೆಯ ಹುಲ್ಲನ್ನು ಮುಂಚೆಯೇ ಕಿತ್ತಿರುತ್ತಾರೆ. ಗಂಡಸರು ಸಾಲುಸಾಲಾಗಿ ಬರಿಮಾಡಿನ ಗಳುಗಳ ಮೇಲೆ ನಿಂತು, ಸೂರಿನಿಂದ ನೆತ್ತಿಯ ಕಡೆಗೆ ಹುಲ್ಲನ್ನು ಮೊಳಕ್ಕೂ ಮಿಕ್ಕ ದಪ್ಪದಲ್ಲಿ ಹಾಸುತ್ತ ಏರುತ್ತಾರೆ. ಹಾಸಿದ್ದನ್ನು ಗಳುವಿಗೆ ಬಿಗಿಯಬೇಕಲ್ಲ. ಹೊರಗಿನವನು ತೋಳುದ್ದದ ಮರದ ಸೂಜಿಗೆ ಹಗ್ಗ ಪೋಣಿಸಿ ಹುಲ್ಲಿನೊಳಕ್ಕೆ ಚುಚ್ಚುತ್ತಾನೆ. ಒಳಗೆ ಕತ್ತಲೆಯ ಅಟ್ಟದಲ್ಲಿ ನಿಂತವನು ಹಗ್ಗವನ್ನು ಗಳುವಿಗೆ ಸುತ್ತಿ ಸೂಜಿಯನ್ನು ಹೊರಕ್ಕೆ ತಳ್ಳುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ನಡುವೆ ಕೂಗು ಮಾತ್ರ. ಕೆಳಗೆ ಮಕ್ಕಳು ಮುದುಕರು ಹೊರೆ ಸಾಗಿಸುತ್ತಾರೆ, ಹೆಂಗಸರು ಅಷ್ಟು ಮಂದಿಗೆ ಅಡುಗೆ ಬೇಯಿಸುತ್ತಾರೆ. ಸಂಜೆಗೆ ಊಟ, ಪಾನ, ಹಾಡು.

ಮುಳುಗಿದ ಊರುಗಳು, ಉಳಿದ ಊರು

1924ರ ಸುಮಾರಿಗೆ ಶಿರಾಕಾವಾದಲ್ಲಿ ಇಂಥ ಮನೆಗಳು ಸುಮಾರು 300 ಇದ್ದವು. 1961ರ ಹೊತ್ತಿಗೆ 190ಕ್ಕೆ ಇಳಿದಿದ್ದವು. ರೇಷ್ಮೆಯ ಬೆಲೆ ಬಿತ್ತು, ಯುವಕರು ನಗರಗಳಿಗೆ ಹೋದರು, ಷೋ ನದಿಗೆ ಒಂದರ ಮೇಲೊಂದು ಅಣೆಕಟ್ಟುಗಳು ಬಂದವು. 1961ರಲ್ಲಿ ಪೂರ್ಣಗೊಂಡ ಮಿಬೊರೊ ಅಣೆಕಟ್ಟು ಹಲವು ಗ್ರಾಮಗಳನ್ನು ನುಂಗಿತು. ಅಲ್ಲಿಯ ಮನೆಗಳು ಬಿಚ್ಚಿ ಮಾರಲ್ಪಟ್ಟು, ದೂರದ ನಗರಗಳಲ್ಲಿ ಭೋಜನಶಾಲೆಗಳಾಗಿಯೂ ಪ್ರದರ್ಶನದ ವಸ್ತುಗಳಾಗಿಯೂ ಮತ್ತೆ ಎದ್ದವು. ಶರಾವತಿಯ ಹಿನ್ನೀರಿನಲ್ಲಿ ಮನೆ ಬಿಚ್ಚಿ ಕಂಬ ತೊಲೆಗಳನ್ನು ಹೇರಿಕೊಂಡು ಹೊರಟವರ ನಾಡಿನ ಓದುಗರಿಗೆ ಆ ವರ್ಷಗಳ ನೋವು ಅಪರಿಚಿತವಲ್ಲ.

> ಮರಗಳೂ ವಲಸೆ ಹೋದವು
>
> ಮಿಬೊರೊದ ಹಿನ್ನೀರಿನಲ್ಲಿ ಮುಳುಗಲಿದ್ದ ಎರಡು ಮುದಿ ಚೆರ್ರಿ ಮರಗಳನ್ನು, ಅಣೆಕಟ್ಟು ಕಟ್ಟುತ್ತಿದ್ದ ಸಂಸ್ಥೆಯ ಮಾಜಿ ಮುಖ್ಯಸ್ಥ ತಾಕಾಸಾಕಿ ತತ್ಸುನೊಸುಕೆಯ ಹಟದಿಂದ, 1960ರಲ್ಲಿ ಬೇರುಸಹಿತ ಮೇಲಿನ ದಂಡೆಗೆ ಸಾಗಿಸಿ ನೆಟ್ಟರು. ನಾನ್ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿದ್ದ ಅವು ಬದುಕಿಕೊಂಡು, ಈಗಲೂ ವಸಂತದಲ್ಲಿ ಹೂಬಿಡುತ್ತವೆ.

ಉಳಿದವರು ಎಚ್ಚತ್ತರು. 1971ರಲ್ಲಿ ಒಗಿಮಾಚಿಯ ನಿವಾಸಿಗಳು ತಮ್ಮದೇ ಸಂರಕ್ಷಣಾ ಸಂಘವೊಂದನ್ನು ಕಟ್ಟಿ, ಮನೆ, ಗದ್ದೆ, ಕಾಡು ಯಾವುದನ್ನೂ ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ಮೂರು ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡರು. ಸರ್ಕಾರದ ರಕ್ಷಣೆ ಬಂದದ್ದು 1976ರಲ್ಲಿ. ವಿಶ್ವದ ಮನ್ನಣೆ ಮತ್ತೆ ಹತ್ತೊಂಬತ್ತು ವರ್ಷಗಳ ಮೇಲೆ. ಈ ಕ್ರಮವನ್ನು ನಾನು ಒತ್ತಿ ಹೇಳಬಯಸುತ್ತೇನೆ. ಏಕೆಂದರೆ ಮೇಲಿನಿಂದ ಇಳಿದ ಆಜ್ಞೆಯಿಂದ ಈ ಊರು ಉಳಿಯಲಿಲ್ಲ.

2008ರಲ್ಲಿ ಈ ಕಣಿವೆಯನ್ನು ಹಾದುಹೋಗುವ ಹೆದ್ದಾರಿ ಸಂಪೂರ್ಣವಾಗಿ ತೆರೆಯಿತು. 1,500ರ ಆಸುಪಾಸಿನ ಜನವಸತಿಯಿರುವ ಶಿರಾಕಾವಾಕ್ಕೆ ವರ್ಷಕ್ಕೆ 15 ಲಕ್ಷಕ್ಕೂ ಮಿಕ್ಕಿ ಪ್ರವಾಸಿಗಳು ಬರತೊಡಗಿದರು. ಅಟ್ಟಗಳು ವಸ್ತುಸಂಗ್ರಹಾಲಯಗಳಾದವು, ಹಲವು ಮನೆಗಳು ಅತಿಥಿಗೃಹಗಳಾದವು. ದುರಸ್ತಿಯ ವೆಚ್ಚದ ದೊಡ್ಡ ಪಾಲನ್ನು ಸರ್ಕಾರ ಭರಿಸುತ್ತದೆ, ವೃತ್ತಿಪರ ತಂಡಗಳು ಬಹುತೇಕ ಮಾಡುಗಳನ್ನು ಹೊದಿಸುತ್ತವೆ. ಊರಿನ ಹುಲ್ಲುಗಾವಲು ಸಾಲದೆ ಹುಲ್ಲು ಫ್ಯೂಜಿ ಪರ್ವತದ ತಪ್ಪಲಿನಿಂದಲೂ ಬಂದದ್ದುಂಟು. ಊರವರು ಸರದಿಯ ಮೇಲೆ ದಿನಕ್ಕೆ ಹಲವು ಬಾರಿ ಬೀದಿಬೀದಿ ತಿರುಗಿ ಬೆಂಕಿಯ ಎಚ್ಚರಿಕೆ ಕೊಡುವ ಕಾವಲು ಮಾತ್ರ ಈಗಲೂ ಅವರ ಕೈಯಲ್ಲೇ ಇದೆ.

ಯುಯಿಯೂ ಪೂರ್ತಿಯಾಗಿ ಅಳಿದಿಲ್ಲ. ಒಗಿಮಾಚಿಯ ನಾಗಾಸೆ ಮನೆ 1890ರಲ್ಲಿ ಕಟ್ಟಿದ ಐದಂತಸ್ತಿನ ಮಹಾಗೃಹ. ಅದರ ಮಾಡಿನ ಓರೆಮರಗಳು 11 ಮೀಟರ್ ಉದ್ದ. 2001ರಲ್ಲಿ ಆ ಮಾಡಿಗೆ ಸರದಿ ಬಂದಾಗ ಮನೆಯವರು ಹಳೆಯ ಕ್ರಮದಲ್ಲೇ ಕರೆಯಿತ್ತರು. ಊರವರೂ ಹೊರಗಿನಿಂದ ಬಂದ ಸ್ವಯಂಸೇವಕರೂ ಸೇರಿ ಸುಮಾರು 500 ಮಂದಿ ಕೂಡಿದರು. ಹಿರಿಯರು ಕೆಳಗೆ ನಿಂತು ಹೇಳಿಕೊಟ್ಟರು, ಗಂಟು ಹಾಕಲು ಅರಿಯದವರು ಮಾಡಿನ ಮೇಲೆಯೇ ಕಲಿತರು. ಆ ಹೊದಿಕೆಗೆ ಮತ್ತೆ ಸರದಿ ಬರುವುದು 2030ರ ದಶಕದಲ್ಲಿ, ಹೆಚ್ಚೆಂದರೆ 2040ರ ಆಸುಪಾಸಿನಲ್ಲಿ. ಅಂದು ಇಪ್ಪತ್ತರ ಹರೆಯದಲ್ಲಿ ಗಂಟು ಕಲಿತವರಿಗೆ ಆಗ ಐವತ್ತು ದಾಟಿರುತ್ತದೆ. ಕೆಳಗೆ ನಿಂತು ಹೇಳಿಕೊಡುವ ಸರದಿ ಅವರದಾಗಿರುತ್ತದೆ.